ಸೋಡಚೀಟಿಯೊಂದೇ ಸಾಲದು

ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿಲೋಮೀಟರು. ಬೆಳಗಿನ ಬಸ್ಸು ಹಿಡಿದವರು ಕೋರ್ಟಿನ ಕಲಾಪ ಆರಂಭವಾಗುವ ಮೊದಲೇ ವಕೀಲರ ಬಾಗಿಲಲ್ಲಿ ನಿಲ್ಲಬಹುದು. ಹಾಗೆ ಬಂದ ಒಬ್ಬ ತಂದೆಯನ್ನೂ ಆತನ ಮಗಳನ್ನೂ ಓದುಗರು ಕಲ್ಪಿಸಿಕೊಳ್ಳಲಿ. ತಂದೆಯ ಕೈಚೀಲದಲ್ಲಿ ಮಡಿಸಿಟ್ಟ ಒಂದು ಛಾಪಾ ಕಾಗದ. ‘ಇನ್ನು ನಮ್ಮಿಬ್ಬರಿಗೂ ಸಂಬಂಧವಿಲ್ಲ’ ಎಂಬ ಬರಹಕ್ಕೆ ಗಂಡಹೆಂಡಿರಿಬ್ಬರ ರುಜು. ಕೆಳಗೆ ಪಂಚರ ಸಹಿ, ನೋಟರಿಯ ಮುದ್ರೆ. ಮಗಳಿಗೆ ಬೇರೊಂದು ಸಂಬಂಧ ಕೂಡಿಬಂದಿದೆ.

“ಸೋಡಚೀಟಿ ಆಗೇದ್ರೀ ಸಾಹೇಬರ. ಇನ್ನ ಕೋರ್ಟು ಯಾಕ ಬೇಕ್ರಿ?”

ವಕೀಲರು ಕಾಗದವನ್ನು ಓದಿ ಮೇಜಿನ ಮೇಲಿಡುತ್ತಾರೆ. “ಯಜಮಾನರ, ಕಾಯಿದೆ ಪ್ರಕಾರ ಮದುವಿ ಇನ್ನೂ ಮುರದಿಲ್ಲ.”

ಈ ಮಾತು ಕಹಿಯಾದರೂ ನಿಜ. ಹಿಂದೂ ವಿವಾಹವನ್ನು ಬಿಡಿಸಬಲ್ಲದ್ದು ನ್ಯಾಯಾಲಯದ ಡಿಕ್ರಿ. ಸಮುದಾಯದಲ್ಲಿ ಬಹುಕಾಲದಿಂದ ನಡೆದುಬಂದ ಬಿಡುಗಡೆಯ ರೂಢಿಯನ್ನು ಕಾಯಿದೆಯ 29ನೆಯ ಕಲಮು ಮನ್ನಿಸುತ್ತದೆ. ಆದರೆ ಪ್ರಶ್ನೆ ಎದ್ದಾಗ ಆ ರೂಢಿಯನ್ನು ಸಾಕ್ಷ್ಯದಿಂದ ಸ್ಥಾಪಿಸಬೇಕು. ನೋಟರಿಯ ಮುದ್ರೆ ರೂಢಿಯನ್ನು ಸೃಷ್ಟಿಸಲಾರದು. ಅದನ್ನು ನಂಬಿ ಮರುಮದುವೆಯಾದರೆ ಆ ಮದುವೆ ಅಸಿಂಧುವಾದೀತು. ಅಪರಾಧ ಸಿದ್ಧವಾದರೆ 7 ವರ್ಷಗಳವರೆಗೆ ಸೆರೆವಾಸವೂ ಉಂಟು.

ಬೆಳಗಾವಿಗೆ ವಿಚ್ಛೇದನದ ಕಾನೂನು ಹೊಸದೇನೂ ಅಲ್ಲ. ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1947ರಲ್ಲಿ, ಅಲ್ಲಿನ ಹಿಂದೂ ವಿಚ್ಛೇದನ ಕಾಯಿದೆ ಬಂದಿತು. ನಾಲ್ಕು ವರ್ಷ ತೊರೆದುಹೋದ ಗಂಡನಿಂದ ಬಿಡುಗಡೆ ಕೇಳಲು ಅದರಲ್ಲಿ ಅವಕಾಶವಿತ್ತು. 1955ರ ಮೇ 18ರಂದು ಹಿಂದೂ ವಿವಾಹ ಕಾಯಿದೆ ಅದರ ಸ್ಥಾನಕ್ಕೆ ಬಂದಾಗ, ತೊರೆದುಹೋಗುವುದು ಪ್ರತ್ಯೇಕ ವಾಸಕ್ಕೆ ಮಾತ್ರ ಕಾರಣವಾಯಿತು. ಅದೂ ಕ್ರೌರ್ಯವೂ ವಿಚ್ಛೇದನಕ್ಕೆ ನೇರ ಕಾರಣಗಳಾದದ್ದು, ಪರಸ್ಪರ ಒಪ್ಪಿಗೆಯ ದಾರಿ ತೆರೆದದ್ದು 1976ರ ತಿದ್ದುಪಡಿಯಿಂದ. ಜೈನರು, ಬೌದ್ಧರು, ಸಿಖ್ಖರು ಇದೇ ಕಾಯಿದೆಗೆ ಒಳಪಡುತ್ತಾರೆ. ಮುಸಲ್ಮಾನರಿಗೂ ಕ್ರೈಸ್ತರಿಗೂ ಬೇರೆ ಕಾಯಿದೆಗಳಿವೆ.

ಎಲ್ಲರೂ ಕೇಳುವ ಪ್ರಶ್ನೆಗಳು

ಅರ್ಜಿ ಎಲ್ಲಿ? ಮದುವೆ ನಡೆದ ಊರು, ಎದುರು ಪಕ್ಷದವರು ವಾಸಿಸುವ ಊರು, ದಂಪತಿಗಳು ಕೊನೆಯದಾಗಿ ಕೂಡಿ ಬಾಳಿದ ಊರು—ಇವುಗಳಲ್ಲಿ ಯಾವುದರ ನ್ಯಾಯಾಲಯವಾದರೂ ಆದೀತು. 2003ರಿಂದ ಹೆಂಡತಿ ತಾನು ವಾಸಿಸುವಲ್ಲಿಯೂ ಅರ್ಜಿ ಹಾಕಬಹುದು. ಬೆಳಗಾವಿಯಲ್ಲಿ ಕೌಟುಂಬಿಕ ನ್ಯಾಯಾಲಯವಿದೆ; ತಾಲೂಕಿನವರು ತಮ್ಮ ಪ್ರಕರಣ ಯಾವ ನ್ಯಾಯಾಲಯಕ್ಕೆ ಸೇರುತ್ತದೆಂಬುದನ್ನು ಮೊದಲು ವಿಚಾರಿಸಬೇಕು.

ಎಷ್ಟು ಕಾಲ? ಇಬ್ಬರೂ ಒಪ್ಪಿದ್ದರೆ, ಒಂದು ವರ್ಷ ಬೇರೆ ಬಾಳಿದ ಮೇಲೆ ಕೂಡಿ ಅರ್ಜಿ ಕೊಡಬೇಕು. ಆರು ತಿಂಗಳ ತರುವಾಯ ಮತ್ತೆ ಒಪ್ಪಿಗೆ ತಿಳಿಸಬೇಕು. ತಕ್ಕ ಸಂದರ್ಭದಲ್ಲಿ ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿದೆ. ಒಬ್ಬರು ಒಪ್ಪದಿದ್ದರೆ ವರ್ಷಗಳೇ ಹಿಡಿದಾವು.

ಅಲ್ಲಿಯವರೆಗೆ ಹೊಟ್ಟೆಪಾಡು? ವ್ಯಾಜ್ಯ ನಡೆದಿರುವಾಗಲೇ ಜೀವನಾಂಶವನ್ನೂ ಕೋರ್ಟಿನ ಖರ್ಚನ್ನೂ ಕೇಳಬಹುದು. ಇದಕ್ಕಾಗಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂಬುದು 2020ರ ಸುಪ್ರೀಂ ಕೋರ್ಟಿನ ಆದೇಶ.

ಮಕ್ಕಳು ಯಾರ ಬಳಿ? ತಾಯಿತಂದೆಯರ ಹಟಕ್ಕಿಂತ ಮಗುವಿನ ಹಿತವೇ ಇಲ್ಲಿ ದೊಡ್ಡದು.

ವಕೀಲರನ್ನು ಆರಿಸುವಾಗ

ವಕೀಲರು ಜಾಹೀರಾತು ಕೊಡುವಂತಿಲ್ಲ. ಆದುದರಿಂದ ಬಲ್ಲವರನ್ನು ಕೇಳಿ, ಇಬ್ಬರು ಮೂವರನ್ನು ಕಂಡು, ಆರಿಸುವುದು ಮೇಲು. ಕೌಟುಂಬಿಕ ಪ್ರಕರಣಗಳನ್ನು ಎಷ್ಟು ಕಾಲದಿಂದ ನಡೆಸಿದ್ದೀರಿ, ತಾರೀಖಿನ ದಿನ ನೀವೇ ಬರುವಿರೋ ಕಿರಿಯರನ್ನು ಕಳಿಸುವಿರೋ, ಫೀಜನ್ನು ಯಾವ ಯಾವ ಹಂತದಲ್ಲಿ ಕೊಡಬೇಕು ಎಂದು ಕೇಳಲು ಸಂಕೋಚಪಡಬಾರದು. ಕೊಟ್ಟ ಹಣಕ್ಕೆ ರಸೀತಿ ಪಡೆಯಬೇಕು. ಬರುವ ಜೀವನಾಂಶದಲ್ಲಿ ಪಾಲು ಕೇಳುವುದು ವಕೀಲಿ ವೃತ್ತಿಯ ನಿಯಮಕ್ಕೆ ವಿರುದ್ಧ. ‘ಮೂರೇ ತಿಂಗಳಲ್ಲಿ ಗೆದ್ದುಕೊಡುವೆ’ ಎಂಬ ಭರವಸೆಯನ್ನು ನಂಬದಿರುವುದೇ ಜಾಣತನ.

ಹಣವಿಲ್ಲವೆಂದು ಯಾವ ಹೆಣ್ಣುಮಗಳೂ ಹಿಂದೆಗೆಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ವಕೀಲರ ನೆರವು ದೊರೆಯುತ್ತದೆ. ಬೆಳಗಾವಿಯಲ್ಲಿ ಜಿಲ್ಲಾ ಪ್ರಾಧಿಕಾರ, ಖಾನಾಪುರದಲ್ಲಿ ತಾಲೂಕು ಸಮಿತಿ ಇವೆ. 15100ಕ್ಕೆ ದೂರವಾಣಿ ಮಾಡಿಯೂ ವಿಚಾರಿಸಬಹುದು. ಹೋಗುವಾಗ ಲಗ್ನಪತ್ರಿಕೆ, ಮದುವೆಯ ಭಾವಚಿತ್ರ, ಮಕ್ಕಳ ಜನನಪತ್ರ, ವಿಳಾಸದ ದಾಖಲೆಗಳು ಕೈಯಲ್ಲಿರಲಿ.

ಸಂಜೆಯ ಬಸ್ಸಿನಲ್ಲಿ ತಂದೆಮಗಳು ಊರಿಗೆ ಮರಳುತ್ತಾರೆ. ಹೊಸ ಸಂಬಂಧದವರಿಗೆ ‘ಸ್ವಲ್ಪ ತಡೆಯಿರಿ’ ಎಂದು ಹೇಳಬೇಕಾಗಿದೆ. ಸೋಡಚೀಟಿಯನ್ನೇನೂ ಹರಿದೊಗೆಯಬೇಕಾಗಿಲ್ಲ. ಇಬ್ಬರೂ ಎಂದಿನಿಂದ ಬೇರೆಯಾಗಿದ್ದಾರೆಂಬುದನ್ನು ತೋರಿಸಲು ಅದು ನೆರವಾದೀತು. ಅದಕ್ಕೆ ರುಜು ಹಾಕಿದ ಕೈ ಒಪ್ಪಿಗೆಯ ಅರ್ಜಿಗೂ ರುಜು ಹಾಕಲು ಹಿಂಜರಿಯಲಿಕ್ಕಿಲ್ಲ. ಡಿಕ್ರಿ ಕೈಸೇರಿದ ಮೇಲೆ ಆ ಹುಡುಗಿ ಹೊಸ ಮನೆಯ ಹೊಸ್ತಿಲನ್ನು ನಿರ್ಭಯಳಾಗಿ ದಾಟಬಹುದು.