ಹಳದಿ ಸಿಪಿಲೆ: ತಲೆ ನೋಡಿ ಉಪಜಾತಿ ಗುರುತಿಸಿ

ಚಳಿಗಾಲದಲ್ಲಿ ಗದ್ದೆಬಯಲಿನಲ್ಲಿ, ಮೇಯುವ ದನಗಳ ಕಾಲ ಬಳಿ ಬಾಲ ಕುಣಿಸುತ್ತ ಹುಳು ಹಿಡಿಯುವ ಹಳದಿ ಸಿಪಿಲೆಯು ಉತ್ತರದಿಂದ ಬರುವ ವಲಸೆ ಹಕ್ಕಿ. ಇದರ ಉಪಜಾತಿಗಳೆಲ್ಲಕ್ಕೂ ಹೊಟ್ಟೆ ಹಳದಿ, ಬೆನ್ನು ಹಸಿರುಮಿಶ್ರಿತ. ಆದ್ದರಿಂದ ಗಂಡುಹಕ್ಕಿಯ ತಲೆಯನ್ನೇ ಗಮನಿಸಬೇಕು.

1. ತನ್‌ಬರ್ಗಿ: ಕಡು ಬೂದು ತಲೆ, ಬಿಳಿ ಹುಬ್ಬಿಲ್ಲ.
2. ಬೀಮಾ: ತಿಳಿ ಬೂದು ತಲೆ, ಸ್ಪಷ್ಟ ಬಿಳಿ ಹುಬ್ಬು.
3. ಫೆಲ್ಡೆಗ್: ಅಚ್ಚ ಕಪ್ಪು ತಲೆ.
4. ಲೂಟಿಯ: ಹಳದಿ ತಲೆ. ಬೆನ್ನು ಬೂದಾಗಿದ್ದರೆ ಅದು ಬೇರೆ ಜಾತಿ.

ನಡುಚಳಿಗಾಲದಲ್ಲಿ ಬಣ್ಣ ಮಸುಕಾಗಿರುತ್ತದೆ. ಹಕ್ಕಿಗಳು ಮರಳುವ ಮುನ್ನ, ಮಾರ್ಚ್-ಏಪ್ರಿಲ್‌ನಲ್ಲಿ, ಹೊಸ ಗರಿ ಮೂಡಿದಾಗ ನೋಡುವುದು ಸೂಕ್ತ. ಹೆಣ್ಣು ಹಾಗೂ ಎಳೆಯ ಹಕ್ಕಿಗಳ ಉಪಜಾತಿಯನ್ನು ತಲೆಬಣ್ಣದಿಂದ ನಿರ್ಧರಿಸುವುದು ಕಷ್ಟ.

ಯಾವ ಉಪಜಾತಿಯಾದರೂ ಇವುಗಳ ಮುಖ್ಯ ಆಹಾರ ಕೀಟಗಳೇ. ಅನಗತ್ಯವಾಗಿ ಕೀಟನಾಶಕ ಸಿಂಪಡಿಸಿದರೆ ಈ ಹಕ್ಕಿಗಳ ಆಹಾರ ನಾಶವಾಗಿ, ರೈತರಿಗೆ ಇವುಗಳ ನೆರವೂ ತಪ್ಪುತ್ತದೆ.