ನಿಮಗಿದು ಗೊತ್ತೆ? ಎಲೆ ಕೆಳಗಿಡುವುದೂ ಒಂದು ಆಟ

ಭಾನುವಳ್ಳಿಯ ಕಟ್ಟೆಯ ಮೇಲೆ ಆಡಿದರೂ ಹರಿಹರದ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಆಡಿದರೂ 13 ಎಲೆಯ ರಮ್ಮಿಯಲ್ಲಿ ಮೊದಲ ಪ್ರಶ್ನೆ ಒಂದೇ: ಆಡಬೇಕೋ, ಬಿಡಬೇಕೋ? ಆ್ಯಪ್‌ಗಳ ಪಾಯಿಂಟ್ಸ್ ರಮ್ಮಿಯಲ್ಲಿ ಎಲೆ ಎಳೆಯುವ ಮುನ್ನವೇ ಡ್ರಾಪ್ ಆದರೆ 20 ಪಾಯಿಂಟ್ ದಂಡ, ನಡುವೆ ಬಿಟ್ಟರೆ 40, ಹಟ ಹಿಡಿದು ಕೂತು ಸೋತರೆ ಹೆಚ್ಚೆಂದರೆ 80 (ಫುಲ್ ಕೌಂಟ್). ಅಂದರೆ ನಾಲ್ಕು ಸಲ ತೆಪ್ಪಗೆ ಎಲೆ ಕೆಳಗಿಟ್ಟರೆ ಒಂದು ಫುಲ್ ಕೌಂಟಿಗೆ ಸಮ. ಜೋಕರ್ ಇಲ್ಲ, ಜೋಡಿಯೂ ಕೂಡುತ್ತಿಲ್ಲ ಎಂದಾಗ ಬಿಡುವುದು ಹೇಡಿತನವೇನಲ್ಲ.

ಆಡಲು ಇಳಿದ ಮೇಲೂ ಎರಡು ದಾರಿ. ಎಕ್ಕ, ರಾಜ, ರಾಣಿ, ಗುಲಾಮ ಕೈಯಲ್ಲೇ ಉಳಿದರೆ ತಲಾ 10 ಪಾಯಿಂಟ್ ದಂಡ. ಹುಷಾರಿನ ಆಟಗಾರ ಒಂಟಿ ರಾಜನನ್ನು ಮೊದಲ ಸುತ್ತಿನಲ್ಲೇ ಎಸೆಯುತ್ತಾನೆ. ಭಂಡ ಧೈರ್ಯದವನು ರಾಣಿ ಬಂದಾಳೆಂದು ಕಾಯುತ್ತಾನೆ. ಅಷ್ಟರಲ್ಲಿ ಎದುರಿನವನು ಎಲ್ಲ ಎಲೆ ಜೋಡಿಸಿ ಡಿಕ್ಲೇರ್ ಮಾಡಿದರೆ ಗೋವಿಂದ!

ಇಂಥದೇ ಎರಡು ದಾರಿ ಬೇರೆ ಎಲೆಯಾಟದಲ್ಲೂ ಉಂಟು. 2014ರಲ್ಲಿ ಬಂದ ‘ಹಾರ್ತ್‌ಸ್ಟೋನ್’ ಎಂಬ ಡಿಜಿಟಲ್ ಆಟದಲ್ಲಿ 30 ಎಲೆಗಳ ಕಟ್ಟನ್ನು ಆಟಗಾರನೇ ಆರಿಸಿ ಜೋಡಿಸಿಕೊಳ್ಳುತ್ತಾನೆ. ಎಲೆ ಇಳಿಸಲು ಬೇಕಾದ ‘ಮಾನಾ’ ಸುತ್ತಿಗೊಂದರಂತೆ 10ರವರೆಗೆ ಏರುತ್ತದೆ. ಹಾಗಾಗಿ ಅಗ್ಗದ ಎಲೆಗಳನ್ನೇ ತುಂಬಿಕೊಂಡವನು ಶುರುವಿನಲ್ಲೇ ಮುಗಿಬೀಳುತ್ತಾನೆ; ದುಬಾರಿ ಎಲೆಯವನು ಆ ಹೊಡೆತ ತಾಳಿಕೊಂಡರೆ ಕೊನೆಕೊನೆಗೆ ಅವನದೇ ಕೈ ಮೇಲು.

ಮತ್ತೆ ರಮ್ಮಿಗೆ ಬಂದರೆ, ಬಿದ್ದ ಎಲೆಗಳ ನೆನಪು, ಹಿಡಿಯುವ–ಬಿಡುವ ಜಾಣ್ಮೆ ಬೇಕಾದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಆದರೆ ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು.