ಊಟಿಯಿಂದ 12 ಇಂಚಿನ ಪುಟಕ್ಕೆ

ಮದುವೆ ಆಲ್ಬಂ ಮನೆಯವರದ್ದು. ಅದರಲ್ಲಿ ಯಾರ್ಯಾರು ಇರಬೇಕು ಅನ್ನುವುದನ್ನು ಹುಡುಗ-ಹುಡುಗಿ ತೀರ್ಮಾನಿಸುವುದಿಲ್ಲ. ಧಾರೆ ಎರೆದವರು, ಮುಯ್ಯಿ ಹಾಕಿದವರು, ದೊಡ್ಡಪ್ಪನ ಕಡೆಯವರು, ಬೀಗರೂಟಕ್ಕೆ ಬಂದವರು, ಇಷ್ಟೂ ಜನ ಬರಲೇಬೇಕು. ಒಬ್ಬರ ಮುಖ ಬಿಟ್ಟುಹೋದರೂ ಮಾತು ಬರುತ್ತದೆ. ಈ ಗಡಿಬಿಡಿಯೆಲ್ಲ ಮುಗಿದು, ಯಡಿಯೂರಿಗೋ ಆದಿಚುಂಚನಗಿರಿಗೋ ಹೋಗಿ ಮನೆದೇವರ ಪೂಜೆ ಮಾಡಿಸಿಕೊಂಡು ಬಂದು, ಆಷಾಢ ಹುಟ್ಟುವುದರೊಳಗೆ ಹೊಸ ಜೋಡಿ ನಾಲ್ಕು ದಿನ ಊಟಿಗೋ ಕೊಡಗಿಗೋ ಹೊರಡುತ್ತದಲ್ಲ, ಆ ಫೋಟೋಗಳು ಮಾತ್ರ ಇಬ್ಬರವೇ. ತೆಗೆದವರೂ ಅವರೇ, ನಿಂತವರೂ ಅವರೇ. ಆದರೆ ಮನೆಯಲ್ಲಿ ಅವಕ್ಕೊಂದು ಜಾಗವಿಲ್ಲ. ಫೋನಿನಲ್ಲೇ ಉಳಿದು, ಫೋನ್ ನೀರಿಗೆ ಬಿದ್ದ ದಿನ ಅದರ ಜೊತೆಗೇ ಹೋಗುತ್ತವೆ.

ಇಂಥ ಫೋಟೋಗಳನ್ನು ಆಯ್ದು, ಕಂಪ್ಯೂಟರಿನಲ್ಲಿ ಪುಟ ಕಟ್ಟಿ, ಟಿಕೆಟ್ಟು-ಚೀಟಿಗಳನ್ನು ಸೇರಿಸಿ, ಪಕ್ಕದಲ್ಲಿ ಎರಡು ಸಾಲು ಬರೆದು ಮುದ್ರಿಸುವ ಕೆಲಸಕ್ಕೆ ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಎಂದು ಹೆಸರು. ಹೆಸರು ಪರದೇಶದ್ದು, ನಿಜ. ಕೆಲಸಕ್ಕೆ ಬೇಕಾದ ಕೈ ಮಾತ್ರ ನಮ್ಮ ಹೋಬಳಿ ಊರುಗಳಲ್ಲಿ ಯಾವತ್ತೋ ತಯಾರಾಗಿದೆ. ಕುಣಿಗಲ್‌ನಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ, ಕೋಟೆ ಹೊತ್ತ ಬೆಟ್ಟದ ಬುಡದಲ್ಲಿರುವ ಹುಲಿಯೂರುದುರ್ಗದಂಥ ಊರನ್ನೇ ನೋಡಿ. ಇಂಥ ಕಡೆ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯುವವರೇ ಲಗ್ನಪತ್ರಿಕೆ ಡಿಸೈನ್ ಮಾಡುತ್ತಾರೆ, ಹುಟ್ಟುಹಬ್ಬದ ಫ್ಲೆಕ್ಸಿಗೆ ತಲೆ ಕೂರಿಸುತ್ತಾರೆ, ಶ್ರದ್ಧಾಂಜಲಿ ಬ್ಯಾನರಿಗೆ ಹಳೆಯ ಗ್ರೂಪ್ ಫೋಟೋದಿಂದ ಅಜ್ಜನನ್ನು ಬಿಡಿಸಿ ಕೊಡುತ್ತಾರೆ. ಕೆದರಿದ ಕೂದಲಿನ ಅಂಚು ಕೆಡದ ಹಾಗೆ ಹಿನ್ನೆಲೆ ತೆಗೆಯುವುದು ಸುಲಭದ ಕೆಲಸವಲ್ಲ. ಅದು ಬಂದವರಿಗೆ ಸ್ಕ್ರ್ಯಾಪ್‌ಬುಕ್ ಪುಟದ ಅರ್ಧ ವಿದ್ಯೆ ಬಂದ ಹಾಗೆಯೇ. ಉಳಿದರ್ಧ ಕಷ್ಟದ್ದು, ಮತ್ತು ಅದು ಫೋಟೋಶಾಪ್‌ನಲ್ಲಿಲ್ಲ.

ಪತ್ರಿಕೆಯ ತುಣುಕು, ಚಿತ್ರ, ಕಾರ್ಡುಗಳನ್ನು ಪುಸ್ತಕಕ್ಕೆ ಅಂಟಿಸಿಡುವ ಹವ್ಯಾಸ ಹಳೆಯದು. ಅಮೆರಿಕದ ಲೇಖಕ ಮಾರ್ಕ್ ಟ್ವೇನ್‌ಗೆ ಈ ಹುಚ್ಚು ಎಷ್ಟಿತ್ತೆಂದರೆ, ಪುಟದ ಮೇಲೆ ಮೊದಲೇ ಅಂಟು ಬಳಿದಿಟ್ಟ ಸ್ಕ್ರ್ಯಾಪ್‌ಬುಕ್ ಒಂದನ್ನು ರೂಪಿಸಿ 1873ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದ. ಈಗಿನ ಅಲಂಕಾರದ ಸ್ಕ್ರ್ಯಾಪ್‌ಬುಕ್ ಬೆಳೆದದ್ದು ಅದೇ ದೇಶದ ಯೂಟಾದಲ್ಲಿ. ಮೇರಿಲೀನ್ ಕ್ರಿಸ್ಟೆನ್‌ಸನ್ ಎಂಬಾಕೆಯ ಕುಟುಂಬ 1980ರಲ್ಲಿ ತಮ್ಮ ಮನೆಯ ಆಲ್ಬಂಗಳನ್ನು ಸಾಲ್ಟ್ ಲೇಕ್ ಸಿಟಿಯ ಸಮ್ಮೇಳನವೊಂದರಲ್ಲಿ ಪ್ರದರ್ಶನಕ್ಕಿಟ್ಟ ಮೇಲೆ ಅದೊಂದು ದೊಡ್ಡ ಹವ್ಯಾಸವಾಯಿತು, ಆಮೇಲೆ ದೊಡ್ಡ ವ್ಯಾಪಾರವೂ ಆಯಿತು. ಪುಟದ ಅಳತೆ 12 ಇಂಚು ಉದ್ದ, 12 ಇಂಚು ಅಗಲ ಎಂದು ರೂಢಿಯಾದದ್ದೂ ಆ ವ್ಯಾಪಾರದಿಂದಲೇ. 1990ರಲ್ಲಿ ಫೋಟೋಶಾಪ್ ಬಂತು. 1994ರ ಆವೃತ್ತಿಯಲ್ಲಿ ಅದಕ್ಕೆ ಲೇಯರ್ ಸೇರಿತು. ಒಂದರ ಮೇಲೊಂದು ಬಟರ್ ಪೇಪರ್ ಇಟ್ಟು ಬೇರೆ ಬೇರೆಯಾಗಿ ಚಿತ್ರ ಬರೆದ ಹಾಗೆ, ಒಂದನ್ನು ಕದಲಿಸಿದರೆ ಇನ್ನೊಂದು ಕದಲದು. ಕತ್ತರಿ, ಗೋಂದು ಎರಡೂ ಬೇಡವಾದವು.

ನಮ್ಮಲ್ಲೂ ಆಲ್ಬಂಗೆ ತನ್ನದೇ ನಡೆ ಇದೆ. ಕಪ್ಪು ಹಾಳೆ, ನಾಲ್ಕು ಮೂಲೆಗೆ ಫೋಟೋ ಕಾರ್ನರ್, ಎರಡು ಹಾಳೆ ನಡುವೆ ತೆಳು ಬಟರ್ ಪೇಪರ್ ಇರುವ ಆಲ್ಬಂ ಹಳೆಯ ಮನೆಗಳ ಬೀರುವಿನಲ್ಲಿ ಇನ್ನೂ ಸಿಗುತ್ತದೆ. ಬಿಳಿ ಪೆನ್ಸಿಲಿನಲ್ಲಿ ‘ಬೃಂದಾವನ’ ಎಂದೋ ‘ಜೋಗ’ ಎಂದೋ ಬರೆದಿರುತ್ತಾರೆ. ನನಗೆ ಇವತ್ತಿಗೂ ಅದಕ್ಕಿಂತ ಚೆಂದದ ಆಲ್ಬಂ ಕಂಡಿಲ್ಲ. ಆಮೇಲೆ ಬಂದ ಅಂಟು ಹಾಳೆ ಮತ್ತು ಪ್ಲಾಸ್ಟಿಕ್ ಹೊದಿಕೆಯ ಆಲ್ಬಂಗಳು ಹಳದಿಗಟ್ಟಿ, ಫೋಟೋ ಎಳೆದರೆ ಹರಿಯುವಂತೆ ಕಚ್ಚಿಕೊಂಡವು. ಕಲರ್ ಲ್ಯಾಬುಗಳ ಕಾಲದಲ್ಲಿ ರೋಲಿಗೆ 36 ಫೋಟೋ. ಎಣಿಸಿಕೊಂಡೇ ತೆಗೆಯಬೇಕು, ತೊಳೆಸಿದ ಮೇಲೆ 4 x 6ರ ಪ್ರಿಂಟು ಸಣ್ಣ ಆಲ್ಬಂನೊಳಗೆ ಬರುತ್ತಿತ್ತು. ಮೂವತ್ತಾರರಲ್ಲಿ ನಾಲ್ಕು ಅಲುಗಾಡಿದ್ದರೂ ಆಯ್ಕೆ ತಾನಾಗಿ ಆಗಿರುತ್ತಿತ್ತು.

ಅದಕ್ಕೂ ಹಿಂದೆ ಊಟಿಗೆ ಹೋಗುವ ಅನುಕೂಲವಿಲ್ಲದವರು ಸ್ಟುಡಿಯೋಗೆ ಹೋಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಪೇಟೆಗೆ ಹೋಗಿ ತೆಗೆಸಿಕೊಂಡ ಜೋಡಿ ಫೋಟೋ, ಹಿಂದೆ ಬಣ್ಣದ ಪರದೆ, ಪರದೆಯಲ್ಲಿ ಉದ್ಯಾನ, ಅರಮನೆಯ ಮೆಟ್ಟಿಲು, ಸರೋವರ. ಹುಲಿಯೂರುದುರ್ಗವಿರುವ ತುಮಕೂರು ಜಿಲ್ಲೆಗೆ ಪರದೆಯ ಮೋಹ ಸುಮ್ಮನೆ ಬಂದದ್ದಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ವೀರಣ್ಣನವರ ಕೈಯಲ್ಲಿ ನಾಡೆಲ್ಲ ತಿರುಗಿದ ನಾಟಕ ಕಂಪನಿ, ‘ಕುರುಕ್ಷೇತ್ರ’ಕ್ಕೆ ಆನೆ-ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಇಲ್ಲಿಯದೇ ತಾನೆ. ಇವತ್ತು ಆಲ್ಬಂ ಡಿಸೈನಿಗೆ ಬಳಸುವ ಸಿದ್ಧ ಫೋಟೋಶಾಪ್ ಫೈಲುಗಳಾದ ಪಿಎಸ್‌ಡಿಗಳಲ್ಲಿ ಐಫೆಲ್ ಗೋಪುರ, ಹಿಮದ ಬೆಟ್ಟ, ಗುಲಾಬಿ ಹೃದಯ, ಹಾರುವ ಚಿಟ್ಟೆ ತುಂಬಿರುತ್ತವಲ್ಲ, ಅವೂ ಪರದೆಗಳೇ. ವ್ಯತ್ಯಾಸ ಇಷ್ಟೇ: ಆಗ ಹೋಗದ ಜಾಗದ ಪರದೆ ಮುಂದೆ ನಿಲ್ಲುತ್ತಿದ್ದರು, ಈಗ ನಿಜವಾಗಿ ಹೋಗಿಬಂದ ದೊಡ್ಡಬೆಟ್ಟವನ್ನು ಅಳಿಸಿ, ಹೋಗದ ಪ್ಯಾರಿಸ್ಸನ್ನು ಕೂರಿಸುತ್ತಾರೆ. ಇದು ನನಗೆ ಒಪ್ಪದ ಸಂಗತಿ.

ಮದುವೆಯ ಕರಿಜ್ಮಾ ಆಲ್ಬಂ ನೋಡಿದವರಿಗೆ ಶೀಟಿನ ಲೆಕ್ಕ ಗೊತ್ತಿರುತ್ತದೆ. ಸಾಮಾನ್ಯವಾಗಿ ಒಂದು ಶೀಟು 12 x 36 ಇಂಚು. ನಡುವೆ ಮಡಿಸಿದರೆ ಎರಡು ಪುಟ, ತಲಾ 12 x 18. ಸ್ಕ್ರ್ಯಾಪ್‌ಬುಕ್ಕಿನ ಚೌಕ ಪುಟ ಇದರಲ್ಲಿ ಸರಿಯಾಗಿ ಮೂರು ಹಿಡಿಯುತ್ತದೆ. ಹಾಗಾಗಿ ಮದುವೆ ಆಲ್ಬಂನ ಕೊನೆಗೆ ಒಂದೆರಡು ಶೀಟು ಪ್ರವಾಸಕ್ಕೇ ಇಟ್ಟುಕೊಳ್ಳಬಹುದು, ಇಲ್ಲವೇ ಚೌಕ ಪುಟಗಳದ್ದೇ ಬೇರೆ ಚಿಕ್ಕ ಪುಸ್ತಕ ಮಾಡಿಸಬಹುದು. ನನ್ನ ಮತ ಎರಡನೆಯದಕ್ಕೆ. ಮದುವೆ ಆಲ್ಬಂ ಬಂದವರಿಗೆಲ್ಲ ತೋರಿಸುವ ವಸ್ತು. ಕಾಫಿ ಕೊಟ್ಟ ಕೂಡಲೇ ಅದೂ ಕೈಗೆ ಬರುತ್ತದೆ. ಅತ್ತೆ-ಮಾವ, ಬೀಗರು, ಪಕ್ಕದ ಮನೆ ಅಕ್ಕ ಎಲ್ಲರೂ ಮಗುಚುವ ಪುಸ್ತಕದಲ್ಲಿ ಇಬ್ಬರ ಪ್ರವಾಸಕ್ಕೆ ಮುಜುಗರ ಖಂಡಿತ. ಡಿಸೈನ್‌ಗೆ ಕೊಡುವಾಗಲೂ ಇಡೀ ಫೋನನ್ನು ಸ್ಟುಡಿಯೋ ಕೌಂಟರಿನಲ್ಲಿ ಬಿಟ್ಟು ಬರಬಾರದು. ಆರಿಸಿದ ಫೋಟೋಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿ ಕೊಡಬೇಕು.

ಹೇಗೆ ಕೊಡುತ್ತೇವೆ ಅನ್ನುವುದರ ಮೇಲೂ ಪುಟದ ಹಣೆಬರಹ ನಿಂತಿದೆ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು. ಅಂದರೆ 12 ಇಂಚಿನ ಚೌಕ ಪುಟಕ್ಕೆ 3600 x 3600. ಫೋನಿನ 12 ಮೆಗಾಪಿಕ್ಸೆಲ್ ಫೋಟೋ 4000 x 3000 ಇರುತ್ತದೆ. 13 ಇಂಚು ಅಗಲಕ್ಕೆ ಧಾರಾಳವಾಗಿ ಸಾಕು. ಅದೇ ಫೋಟೋವನ್ನು ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಐದೂಕಾಲು ಇಂಚು ದಾಟಿದರೆ ಮುಖ ಮಂಕು. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಇನ್ನೊಂದು ನಷ್ಟವೂ ಇದೆ: ಫೋಟೋ ತೆಗೆದ ದಿನ, ಗಳಿಗೆ ಆ ಫೈಲಿನೊಳಗೇ ಬರೆದಿರುತ್ತದೆ, ವಾಟ್ಸಾಪ್ ದಾಟಿದ ಫೋಟೋದಲ್ಲಿ ಆ ಬರಹ ಅಳಿದಿರುತ್ತದೆ. ಇಬ್ಬರ ಫೋನಿನ ಫೋಟೋಗಳನ್ನೂ ತೆಗೆದ ಹೊತ್ತಿನ ಕ್ರಮದಲ್ಲಿ ಜೋಡಿಸಿದರೆ ಪ್ರವಾಸ ತಾನಾಗಿಯೇ ಕಥೆಯಾಗಿ ಬಿಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಆರೂವರೆಗೆ ಇವನು ತೆಗೆದದ್ದು ಮಂಜು, ಅದೇ ಹೊತ್ತಿಗೆ ಅವಳು ತೆಗೆದದ್ದು ಅವನ ನಡುಗುವ ಕೈ.

ಇನ್ನು ಆಯ್ಕೆ. ಕಷ್ಟದ ಅರ್ಧ ಅಂದೆನಲ್ಲ, ಅದು ಇದೇ. ನಾಲ್ಕು ದಿನಕ್ಕೆ ಏಳೆಂಟು ನೂರು ಫೋಟೋ ಬಂದಿರುತ್ತವೆ. ಪುಟಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸಾಕು. ಒಂದು ದೊಡ್ಡದು, ಉಳಿದವು ಅದಕ್ಕೆ ಒತ್ತಾಸೆ. ಬೇಡವಾದದ್ದನ್ನು ಬಿಡಲು ಮನಸ್ಸು ಗಟ್ಟಿ ಮಾಡಿಕೊಳ್ಳದವರ ಪುಟ ಸಂತೆಯಾಗುತ್ತದೆ. ನೋಡುವವರ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಮುಖಗಳೇ ತುಂಬಿದ ಪುಟವೂ ಬೇಗ ಬೇಸರ ತರಿಸುತ್ತದೆ. ಹುಲಿಯೂರುದುರ್ಗದಿಂದ ಊಟಿಗೆ ಹೋಗುವ ದಾರಿಯಲ್ಲೇ ಪುಟಕ್ಕೆ ಬರಬೇಕಾದ ಬೇರೆ ಸಂಗತಿಗಳು ಎಷ್ಟಿವೆ: ಮದ್ದೂರು ವಡೆ ಕಟ್ಟಿಕೊಟ್ಟ ಕಾಗದ, ಗುಂಡ್ಲುಪೇಟೆಯ ಚಹಾ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವ ಬಂಡೀಪುರದ ಗೇಟಿಗೆ ಹೊತ್ತಿಗೆ ಮುಂಚೆ ತಲುಪಲು ಪಟ್ಟ ಪಾಡು, ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಿಗೆ ಹಾಕಿರುವ ನಂಬರ್ ಬೋರ್ಡು. 2024ರ ಮೇ 7ರಿಂದ ಸ್ವಂತ ಅಥವಾ ಬಾಡಿಗೆ ವಾಹನದಲ್ಲಿ ಊಟಿಗೆ ಹೋಗುವವರಿಗೆ ಇ-ಪಾಸ್ ಬೇಕಾಗಿದೆ. ಆ ಪಾಸ್‌ನ ಕಪ್ಪು-ಬಿಳಿ ಚೌಕವೂ ಪುಟದ ಮೂಲೆಗೆ ಚೆಂದ ಕೂರುತ್ತದೆ. ಬಸ್ ಟಿಕೆಟ್, ಹೋಟೆಲ್ ಬಿಲ್ಲುಗಳು ಬಹುತೇಕ ಶಾಖಕ್ಕೆ ಕಪ್ಪಾಗುವ ಕಾಗದದಲ್ಲಿರುತ್ತವೆ. ಕೆಲವೇ ತಿಂಗಳಲ್ಲಿ ಅಕ್ಷರ ಮಾಯ. ಊರಿಗೆ ಬಂದ ವಾರದೊಳಗೆ ಸ್ಕ್ಯಾನ್ ಮಾಡಿಸಿಟ್ಟರೆ ಉಳಿದಾವು.

ಅಲಂಕಾರ ಬೇಡವೆಂದಲ್ಲ. ಅದಕ್ಕೂ ಒಂದು ಹದವಿದೆ. ಪುಟದ ಬಣ್ಣವನ್ನು ಹೊರಗಿನಿಂದ ತರುವ ಬದಲು ಐಡ್ರಾಪರ್ ಒತ್ತಿ ಫೋಟೋದಿಂದಲೇ ತೆಗೆದರೆ, ಟೀ ತೋಟದ ಹಸಿರೋ ಅವಳ ದುಪಟ್ಟಾದ ಅಂಚೋ ಇಡೀ ಪುಟವನ್ನು ಹಿಡಿದಿಡುತ್ತದೆ. ಫೋಟೋಗಳ ಕೆಳಗೆ ನೆರಳು ಕೊಡುವಾಗ ಎಲ್ಲ ನೆರಳೂ ಒಂದೇ ಕಡೆಗೆ ಬೀಳಬೇಕು. ಅಂಟಿಸಿದಂತೆ ಕಾಣುವುದು, ತೇಲಿದಂತೆ ಕಾಣುವುದು ನಿಂತಿರುವುದು ಅದರ ಮೇಲೆ. ಶೀಟಿನ ಮಡಿಕೆಯ ಮೇಲೆ ಮುಖ ಬರಬಾರದು, ಕಟಿಂಗಿಗೆಂದು ಅಂಚಿನಲ್ಲಿ ಅರ್ಧ ಇಂಚು ಬಿಡಬೇಕು. ಇವೆರಡನ್ನು ಆಲ್ಬಂ ಕೆಲಸದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೇಳಬೇಕಾದದ್ದು ಬೇರೆ. ಊಟಿ ಎಂದ ಕೂಡಲೇ ಹೊಗೆಯುಗುಳುವ ಉಗಿಬಂಡಿಯ ಚಿತ್ರ ಅಂಟಿಸುತ್ತಾರೆ. 1908ರಲ್ಲಿ ಊಟಿ ಮುಟ್ಟಿ, 2005ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಆ ಪುಟ್ಟ ರೈಲಿಗೆ ಉಗಿ ಎಂಜಿನ್ ಇರುವುದು ಕಡಿದಾದ ಮೆಟ್ಟುಪಾಳಯಂ–ಕೂನೂರು ಭಾಗದಲ್ಲಿ. ನಮ್ಮವರು ಹೆಚ್ಚಾಗಿ ಕೂರುವ ಊಟಿ–ಕೂನೂರು ಭಾಗದಲ್ಲಿ ಸಾಮಾನ್ಯವಾಗಿ ಎಳೆಯುವುದು ಡೀಸೆಲ್ ಎಂಜಿನ್. ನೀವು ಕೂತ ರೈಲಿನ ಕಿಟಕಿಯ ಫೋಟೋ ಇರುವಾಗ ಯಾರದೋ ಹೊಗೆ ಯಾಕೆ?

ಬರಹದ ವಿಷಯಕ್ಕೆ ಬಂದರೆ ನಮ್ಮ ಪುಟಗಳು ಒಮ್ಮೆಲೇ ಮೂಕವಾಗುತ್ತವೆ, ಇಲ್ಲವೇ ಇಂಗ್ಲಿಷಿಗೆ ತಿರುಗುತ್ತವೆ. ಅದಕ್ಕೆ ತಾಂತ್ರಿಕ ಕಾರಣವೂ ಇತ್ತು. ಹಳೆಯ ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಟೈಪಿಸಿದರೆ ಒತ್ತಕ್ಷರ ಒಂದು ಕಡೆ, ಮೂಲಾಕ್ಷರ ಒಂದು ಕಡೆ ಚೆಲ್ಲಾಪಿಲ್ಲಿ. ಹಾಗಾಗಿ ಡಿಸೈನಿನವರು ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳಿಗೇ ಜೋತುಬಿದ್ದರು. ಈಗ ಆ ತೊಡಕಿಲ್ಲ. ಹೊಸ ಆವೃತ್ತಿಗಳಲ್ಲಿ ಕನ್ನಡ ಸರಿಯಾಗಿ ಕೂಡಿಕೊಳ್ಳುತ್ತದೆ. ಕಾಸು ಕೊಡದೆ ಸಿಗುವ ಗಿಂಪ್, ಇಂಕ್‌ಸ್ಕೇಪ್‌ಗಳಲ್ಲಿ ಆ ತೊಂದರೆಯೇ ಇಲ್ಲ. ಬ್ರೌಸರಿನಲ್ಲೇ ಪಿಎಸ್‌ಡಿ ತೆರೆಯುವ ಫೋಟೋಪಿಯ ಇದೆ, ಫೋನಿನಲ್ಲೇ ಪುಟ ಕಟ್ಟಲು ಕ್ಯಾನ್ವಾ ಇದೆ. ಬಲೂ ತಮ್ಮ, ಅನೇಕ್ ಕನ್ನಡ, ನವಿಲು ಮುಂತಾದ ಮುಕ್ತ ಫಾಂಟುಗಳಿವೆ. ಇದ್ಯಾವುದೂ ಬೇಡವೆಂದರೆ ಬಿಳಿ ಹಾಳೆಯಲ್ಲಿ ಪೆನ್ನಿನಿಂದ ಬರೆದು, ಫೋಟೋ ತೆಗೆದು, ಬ್ಲೆಂಡ್ ಮೋಡನ್ನು ಮಲ್ಟಿಪ್ಲೈ ಮಾಡಿದರೆ ಹಾಳೆಯ ಬಿಳುಪು ಕರಗಿ ಕೈಬರಹ ಮಾತ್ರ ಪುಟದ ಮೇಲೆ ಉಳಿಯುತ್ತದೆ. ಫಾಂಟುಗಳೆಲ್ಲವನ್ನೂ ಬದಿಗಿಟ್ಟು ನಾನು ಇದನ್ನೇ ಆರಿಸುತ್ತೇನೆ.

ಏನು ಬರೆಯಬೇಕು? ‘ಮರೆಯಲಾಗದ ಮಧುರ ಕ್ಷಣಗಳು’ ಎಂದು ಬರೆದರೆ ಅದು ಯಾರ ಪುಟಕ್ಕಾದರೂ ಹೊಂದುತ್ತದೆ, ಅದಕ್ಕೇ ಯಾರದ್ದೂ ಅಲ್ಲ. ‘ಸ್ವೆಟರ್ ಬೇಡ ಅಂದವರು ಇವರೇ’, ‘ಬೋಟಿಂಗ್ ಕ್ಯೂ ನೋಡಿ ವಾಪಸ್ ಬಂದ್ವಿ, ಜೋಳ ತಿಂದ್ವಿ’, ‘ಅವ್ವ ಫೋನ್ ಮಾಡಿ ಊಟ ಆಯ್ತಾ ಅಂದ್ಲು, ಮೂರನೇ ಸಲ’ ಎಂದು ಮನೆಯಲ್ಲಿ ಆಡುವ ಮಾತಿನಲ್ಲೇ ಬರೆದರೆ ಫೋಟೋ ಮಾತಾಡುತ್ತದೆ. ಇಬ್ಬರೂ ಬೇರೆ ಬೇರೆಯಾಗಿ ಬರೆದು, ಒಂದೇ ಘಟನೆಗೆ ಎರಡು ಬಗೆಯ ಸಾಲು ಬಂದರೆ ಎರಡನ್ನೂ ಹಾಕಿಕೊಳ್ಳಬಹುದು. ಜಗಳ ಬರೆಯಬಾರದು ಎಂಬ ನಿಯಮವಿಲ್ಲ.

ಪುಟ ಮುಗಿದ ಮೇಲೆ ಲ್ಯಾಬಿಗೆ ಹೋಗುವುದು ಲೇಯರ್‌ಗಳೆಲ್ಲ ಒಂದಾದ ಜೆಪಿಜಿ ಫೈಲು, ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿ. ಗ್ಲಾಸಿ ಲ್ಯಾಮಿನೇಷನ್ ಬೆಳಕಿಗೆ ಹೊಳೆದು ಕಣ್ಣಿಗೆ ಹೊಡೆಯುತ್ತದೆ, ಬೆರಳಚ್ಚೂ ಎದ್ದು ಕಾಣುತ್ತದೆ. ಬರಹವಿರುವ ಪುಟಕ್ಕೆ ಮ್ಯಾಟ್ ಮೇಲು. ಸ್ಟುಡಿಯೋದಲ್ಲಿ ಮಾಡಿಸಿದರೆ ಬಿಲ್ಲು ಕೊಡುವಾಗಲೇ ಪಿಎಸ್‌ಡಿ, ಜೆಪಿಜಿ ಎರಡನ್ನೂ ಕೇಳಿ ಪಡೆಯಬೇಕು. ಹಾರ್ಡ್‌ಡಿಸ್ಕ್ ತುಂಬಿದಂತೆ ಹಳೆಯ ಕೆಲಸ ಅಳಿಸುವುದು ಅವರಿಗೂ ಅನಿವಾರ್ಯ. ಗೂಗಲ್ ಫೋಟೋಸ್ ಕೂಡ 2021ರ ಜೂನ್ 1ರಿಂದ ಕಾಸಿಲ್ಲದೆ ಲೆಕ್ಕವಿಲ್ಲದಷ್ಟು ಇಡಲು ಬಿಡುತ್ತಿಲ್ಲ, ಮೇಲ್ ಸಮೇತ 15 ಜಿಬಿ ಅಷ್ಟೇ. ಫೈಲಿಗೆ ಹೆಸರಿಡುವಾಗ ‘ಫೈನಲ್’, ‘ಫೈನಲ್ 2’, ‘ನ್ಯೂ ಫೈನಲ್’ ಎಂದಿಡದೆ ಊರು, ತಿಂಗಳು, ವರ್ಷ ಬರೆದಿಡಿ.